ಹೆಸರು ಒಂದೇ, ಬೇರು ಬೇರೆ

1990ರ ದಶಕದ ಆರಂಭ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಇಬ್ಬರು ಹೆಂಗಸರ ಕಿಡ್ನಿಗಳು ನೋಡನೋಡುತ್ತಿದ್ದಂತೆ ಕೈಕೊಟ್ಟವು. ವಿಚಾರಿಸಿದರೆ ಇಬ್ಬರೂ ಮೈ ಇಳಿಸಲೆಂದು ಒಂದೇ ಕಡೆ ಔಷಧಿ ತೆಗೆದುಕೊಂಡಿದ್ದರು. ಅಂಥವರು ಮತ್ತಷ್ಟು ಮಂದಿ ಸಿಕ್ಕರು. ಕೊನೆಗೆ ಲೆಕ್ಕ ನೂರರ ಆಸುಪಾಸಿಗೆ ಬಂತು. ಔಷಧಿಯಲ್ಲಿ ಇರಬೇಕಿದ್ದದ್ದು ‘ಫಾಂಗ್ ಜಿ’ ಎಂಬ ಚೀನೀ ಬೇರು. ಅದೇ ಹೆಸರು ಹೊತ್ತ ಇನ್ನೊಂದು ಬೇರು, ಅರಿಸ್ಟೊಲೋಕಿಯ ಜಾತಿಯದ್ದು, ಅದರ ಜಾಗಕ್ಕೆ ಬಂದು ಸೇರಿತ್ತು.

ಆ ಬೇರಿನಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯ ಸೂಕ್ಷ್ಮ ನಳಿಕೆಗಳ ಜೀವಕೋಶಗಳನ್ನು ಕೊಲ್ಲುತ್ತದೆ. ಮೆತ್ತಗಿದ್ದ ಅಂಗಾಂಶ ನಾರುಗಟ್ಟಿ, ಕಿಡ್ನಿ ಚಿಕ್ಕದಾಗಿ ಮುದುರಿಕೊಳ್ಳುತ್ತದೆ. ಸಾಯದೆ ಉಳಿದ ಕೋಶಗಳದ್ದೇ ಇನ್ನೊಂದು ಕಥೆ. ಆಮ್ಲ ಅವುಗಳ ಡಿಎನ್‌ಎಗೆ ಅಂಟಿಕೊಂಡು, ‘ಎ’ ಅಕ್ಷರ ಇರಬೇಕಾದಲ್ಲಿ ‘ಟಿ’ ಬರೆಸುತ್ತದೆ. ಔಷಧಿ ನಿಲ್ಲಿಸಿ ವರ್ಷಗಳು ಕಳೆದರೂ ಈ ತಪ್ಪು ಅಳಿಸಿಹೋಗುವುದಿಲ್ಲ, ಮುಂದೆ ಕ್ಯಾನ್ಸರ್‌ಗೆ ದಾರಿಯಾಗಬಹುದು.

ಬ್ರಸೆಲ್ಸ್‌ನ ವೈದ್ಯರಿಗೆ ಹೆದರಿಕೆ ಹುಟ್ಟಿಸಿದ್ದು ಇದೇ. ಮೂತ್ರನಾಳದ ಕ್ಯಾನ್ಸರ್ ಸಾಮಾನ್ಯವಾಗಿ ಮೂತ್ರದಲ್ಲಿ ರಕ್ತವಾಗಿ ಕಾಣಿಸಿಕೊಳ್ಳುತ್ತದೆ. ಡಯಾಲಿಸಿಸ್‌ನಲ್ಲಿರುವ ಎಷ್ಟೋ ಜನಕ್ಕೆ ಮೂತ್ರವೇ ಬರುವುದಿಲ್ಲ, ಇನ್ನು ಸುಳಿವು ಎಲ್ಲಿಂದ? ಸೋತ ಕಿಡ್ನಿಗಳನ್ನೂ ಮೂತ್ರನಾಳಗಳನ್ನೂ ಮುಂಜಾಗ್ರತೆಗೆ ತೆಗೆಸಿಕೊಳ್ಳಲು 39 ಮಂದಿ ಒಪ್ಪಿದರು. 2000ನೇ ಇಸವಿಯಲ್ಲಿ ಪ್ರಕಟವಾದ ಫಲಿತಾಂಶ ಓದಿದರೆ ಈಗಲೂ ಎದೆ ಝಲ್ಲೆನ್ನುತ್ತದೆ: 18 ಮಂದಿಯಲ್ಲಿ ಕ್ಯಾನ್ಸರ್ ಇತ್ತು.

ಕಿಡ್ನಿ ಸೋತವರಿಗೆ ಕ್ಯಾನ್ಸರ್ ತಗಲಲು ಬೇರೆ ದಾರಿಗಳೂ ಇವೆ. ಡಯಾಲಿಸಿಸ್‌ನಲ್ಲಿ ವರ್ಷಗಟ್ಟಲೆ ಇದ್ದವರ ಕಿಡ್ನಿಗಳಲ್ಲಿ ನೀರುಗುಳ್ಳೆಗಳೆದ್ದು, ಕೆಲವರಲ್ಲಿ ಅಲ್ಲೇ ಗಡ್ಡೆ ಬೆಳೆಯುವುದುಂಟು. ಬ್ರಸೆಲ್ಸ್‌ನಲ್ಲಾದರೋ ಎರಡು ಕಾಯಿಲೆಗೂ ಮೂಲ ಒಂದೇ ವಿಷ. ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಹಳ್ಳಿಗಳಲ್ಲೂ ಅದೇ ಜೋಡಿ ಕಾಯಿಲೆಗಳು ದಶಕಗಳ ಕಾಲ ಕಾಡಿದ್ದವು. ಗೋಧಿ ಹೊಲದ ಕಳೆಯಾಗಿದ್ದ ಅರಿಸ್ಟೊಲೋಕಿಯದ ಬೀಜ ಹಿಟ್ಟಿನೊಳಗೆ ಸೇರಿ ರೊಟ್ಟಿಯ ಮೂಲಕ ಹೊಟ್ಟೆಗೆ ಹೋಗುತ್ತಿತ್ತು.

ಈ ಜಾತಿ ನಮಗೂ ಹೊಸದಲ್ಲ. ನಮ್ಮ ಕಾಡಂಚಿನ ಈಶ್ವರಿ ಬಳ್ಳಿ ಅರಿಸ್ಟೊಲೋಕಿಯವೇ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳು ಅದರ ಎಲೆ ತಿಂದು ಬೆಳೆಯುತ್ತವೆ. ಆ ವಿಷವೇ ಅವುಗಳಿಗೆ ಹಕ್ಕಿಗಳಿಂದ ರಕ್ಷಣೆ. ಹಾವು ಕಚ್ಚಿದರೆ ಈ ಬಳ್ಳಿಯ ಬೇರು ಅರೆದು ಕುಡಿಸುವ ರೂಢಿ ಹಳ್ಳಿಗಳಲ್ಲಿ ಇದೆ. ಆ ಬೇರಿನಲ್ಲೂ ಅದೇ ಆಮ್ಲವಿದೆ.