ಭಂಗಾರದೊಳಗಿನ ಬಂಗಾರ: ಹಳೆಯ ಮರದ ಸಾಮಾನಿಗೆ ಹೊಸ ಬಾಳು

ಮುಂಬಯಿಯಲ್ಲಿ ಗುಜರಿ ಸಾಮಾನಿಗೆ 'ಭಂಗಾರ' ಎನ್ನುತ್ತಾರೆ. ಕನ್ನಡದಲ್ಲಿ ಬಂಗಾರವೆಂದರೆ ಚಿನ್ನ. ಒಂದು ಮಹಾಪ್ರಾಣದ ವ್ಯತ್ಯಾಸ, ಅರ್ಥದಲ್ಲಿ ಅಜಗಜಾಂತರ. ಆದರೆ ಹಳೆಯ ಚಾಳೊಂದು ಖಾಲಿಯಾಗುವ ದಿನ ಮೆಟ್ಟಿಲ ಬುಡದಲ್ಲಿ ರಾಶಿ ಬೀಳುವ ಮಂಚ, ಮೇಜು, ಆರಾಮ ಕುರ್ಚಿಗಳನ್ನು ಕಂಡರೆ ಈ ಎರಡು ಪದಗಳು ಅಷ್ಟೇನೂ ದೂರವಿಲ್ಲ ಅನ್ನಿಸುತ್ತದೆ.

ಮಹಾನಗರದಲ್ಲಿ ಈಗ ಎಲ್ಲೆಲ್ಲೂ ಪುನರ್ವಿಕಾಸದ ಮಾತು. 1920ರ ದಶಕದಲ್ಲಿ ಕಟ್ಟಿದ ಬಿಡಿಡಿ ಚಾಳ್‌ಗಳ 160 ಚದರಡಿಯ ಕೋಣೆಗಳಲ್ಲಿ ತಲೆಮಾರುಗಳನ್ನು ಕಳೆದವರಿಗೆ 500 ಚದರಡಿಯ ಫ್ಲ್ಯಾಟುಗಳು ದೊರೆಯುತ್ತಿವೆ. ವರ್ಲಿಯಲ್ಲಿ 2025ರ ಆಗಸ್ಟ್‌ನಲ್ಲಿ ಮೊದಲ ಕಂತಿನ 556 ಕುಟುಂಬಗಳಿಗೆ ಕೀಲಿಕೈ ಹಸ್ತಾಂತರವಾಯಿತು. ಗಿರ್ಗಾಂವ್, ಪರೇಲ್, ಮಾಟುಂಗಾ, ಮುಲುಂಡ್ ಎಂದು ಎಲ್ಲ ಕಡೆ ಹಳೆಯ ಕಟ್ಟಡಗಳು ನೆಲಕ್ಕುರುಳುತ್ತಿವೆ. ಹೊಸ ಮನೆಗೆ ಹೊಸ ಸಾಮಾನೇ ಬೇಕೆಂಬ ಆಸೆ ಸಹಜ. ಹಾಗಾಗಿ ಅಜ್ಜ ಕೂಡಿಟ್ಟ ದುಡ್ಡಿನಲ್ಲಿ ಕೊಂಡ ತೇಗದ ಕಪಾಟು ಭಂಗಾರದವನ ಕೈಗಾಡಿ ಏರುತ್ತದೆ, ಆ ಜಾಗಕ್ಕೆ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಕಪಾಟು ಕಂತಿನ ಮೇಲೆ ಬರುತ್ತದೆ. ಕಂತು ತೀರುವ ಮೊದಲೇ ಅದು ನೀರು ಕುಡಿದು ಉಬ್ಬಿದರೆ, ಸ್ಕ್ರೂ ಹಿಡಿಯದೆ ಬಾಗಿಲು ಜೋತುಬಿದ್ದರೆ ಆಶ್ಚರ್ಯವಿಲ್ಲ.

ಹಳೆಯ ಮುಂಬಯಿಯ ಸಾಮಾನಿನಲ್ಲಿ ಬರ್ಮಾ ತೇಗದ್ದು ಬಹಳ. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ್ದೇ ಭಾಗವಾಗಿತ್ತು, ರಂಗೂನಿನಿಂದ ತೇಗ ಹಡಗಿನಲ್ಲಿ ಬರುತ್ತಿತ್ತು. ಮ್ಯಾನ್ಮಾರ್ 2014ರ ಏಪ್ರಿಲ್‌ನಲ್ಲಿ ದಿಮ್ಮಿಗಳ ರಫ್ತನ್ನೇ ನಿಷೇಧಿಸಿತು. ಇಂದು ಬೀದಿಗೆ ಬೀಳುವ ಅಂಥ ಮಂಚದ ಕಾಲಿನ ಗುಣದ ಮರವನ್ನು ಅಂಗಡಿಯಲ್ಲಿ ಕೇಳಿದರೆ ಬೆಲೆ ಮಧ್ಯಮ ವರ್ಗದ ಕೈಗೆ ಎಟಕುವಂತಿಲ್ಲ.

ಎಲ್ಲಿ ಹುಡುಕಬೇಕು?

ಹಳೆಯ ಸಾಮಾನೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಭೇಂಡಿ ಬಜಾರಿನ ಬಳಿಯ ಚೋರ್ ಬಜಾರ್, ಅಲ್ಲಿನ ಮಟನ್ ಸ್ಟ್ರೀಟ್. ಜೋಗೇಶ್ವರಿ ಪಶ್ಚಿಮದ ಓಶಿವರಾ ಫರ್ನಿಚರ್ ಮಾರುಕಟ್ಟೆಯೂ ಹೆಸರಾಂತದ್ದು. ಆದರೆ ಅಲ್ಲಿನ ವ್ಯಾಪಾರಿಗಳಿಗೆ ತಮ್ಮ ಮಾಲಿನ ಬೆಲೆ ಚೆನ್ನಾಗಿ ಗೊತ್ತು. ಕಡಿಮೆ ಖರ್ಚಿನಲ್ಲಿ ಆಗಬೇಕಾದರೆ ಸೊಸೈಟಿಯ ವಾಚ್‌ಮನ್, ಬಡಾವಣೆಯ ಭಂಗಾರದವನು, ಮನೆ ಸಾಗಿಸುವ ಟೆಂಪೋದವನು, ಈ ಮೂವರ ಪರಿಚಯ ಬೇಕು. ದೀಪಾವಳಿಯ ಮುಂಚಿನ ಸಾಫ್‌ಸಫಾಯಿ ಮತ್ತು ಮೇ ತಿಂಗಳ ಮನೆ ಬದಲಾವಣೆಯ ದಿನಗಳಲ್ಲಿ ಸಾಮಾನು ಹೆಚ್ಚು ಹೊರಬೀಳುತ್ತದೆ. ಕಟ್ಟಡದ ಕೆಳಗೆ ಬಿದ್ದಿದ್ದರೂ ಯಜಮಾನರನ್ನು ಕೇಳಿಯೇ ಎತ್ತಬೇಕು. ಎತ್ತುವ ಮೊದಲು ನಮ್ಮ ಮನೆಯ ಬಾಗಿಲು, ಲಿಫ್ಟು, ಮೆಟ್ಟಿಲ ತಿರುವುಗಳ ಅಳತೆ ಕೈಯಲ್ಲಿರಬೇಕು.

ಬೆನ್ನು ನೋಡಿ ಕೊಳ್ಳಿ

ಸಾಮಾನಿನ ಮುಖ ಮೋಸ ಮಾಡಬಹುದು, ಬೆನ್ನು ಮಾಡುವುದಿಲ್ಲ. ಮೇಜನ್ನು ಮಗುಚಿ ತಳ ನೋಡಬೇಕು, ಡ್ರಾಯರ್ ಹೊರಗೆಳೆದು ಅದರ ಹಿಂಬದಿ ನೋಡಬೇಕು. ಅಂಚಿನಲ್ಲಿ ಪದರ ಪದರ ಕಂಡರೆ ಪ್ಲೈವುಡ್, ರವೆಯಂತಿದ್ದರೆ ಪುಡಿ ಹಲಗೆ. ಮೇಲಿನ ಎಳೆಯೇ ಅಂಚಿನಲ್ಲೂ ಮುಂದುವರಿದಿದ್ದರೆ ಗಟ್ಟಿ ಮರ. ಕಾಣದ ಜಾಗದಲ್ಲಿ ಸ್ವಲ್ಪ ಉಜ್ಜಿದರೆ ತೇಗಕ್ಕೆ ಅದರದೇ ಎಣ್ಣೆಯ ವಾಸನೆ ಇರುತ್ತದೆ.

ಸಣ್ಣ ಸಣ್ಣ ತೂತುಗಳಿದ್ದು ಕೆಳಗೆ ಹೊಸ ಪುಡಿ ಉದುರಿದ್ದರೆ ಹುಳು ಒಳಗೇ ಇದೆ ಎಂದರ್ಥ. ಗೆದ್ದಲ ಮಣ್ಣಿನ ಗೆರೆಯಿದ್ದು, ಸ್ಕ್ರೂಡ್ರೈವರ್ ಚುಚ್ಚಿದಾಗ ಮರ ಒಳಸರಿದರೆ ಅದನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು. ಮುಂಬಯಿಯ ಮಂಚವೆಂದರೆ ತಿಗಣೆಯ ಭಯವೂ ಇದ್ದದ್ದೇ. ಮನೆಯೊಳಗೆ ತರುವ ಮೊದಲೇ ಸಂದುಗಳನ್ನು ಟಾರ್ಚ್ ಹಾಕಿ ನೋಡಬೇಕು. ಗೂಟ ಬಡಿದು ಕೂಡಿಸಿದ ಮಂಚವಾದರೆ ಬಿಚ್ಚಿ, ಸಂದುಗಳಿಗೆ ಕುದಿಯುವ ನೀರು ಹೊಯ್ದು ಬಿಸಿಲಿಗಿಡುವ ಹಳೆಯ ಉಪಾಯ ಈಗಲೂ ನಡೆಯುತ್ತದೆ. ದಪ್ಪ ಗಾದಿಯಿರುವ ಸೋಫಾಗಳ ಸಹವಾಸ ಮಾತ್ರ ಬೇಡ.

ಹಳೆಯ ಬಣ್ಣ, ಮಕ್ಕಳ ಆರೋಗ್ಯ

ಇಲ್ಲೊಂದು ಮುಖ್ಯ ಎಚ್ಚರಿಕೆ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದ ಹಸಿರು, ನೀಲಿ, ಹಳದಿ ಬಣ್ಣಗಳನ್ನು ಒಣಗಿದ ಹಾಗೇ ಉಜ್ಜಿದರೆ ಸೀಸದ ಧೂಳು ಮನೆ ತುಂಬುತ್ತದೆ. ಅದು ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಇಂಥ ಬಣ್ಣವನ್ನು ನೀರಿನಲ್ಲಿ ನೆನೆಸುವ ಪೇಪರಿನಿಂದ, ಮೂಗಿಗೆ ಧೂಳು ತಡೆಯುವ ಮಾಸ್ಕ್ ಕಟ್ಟಿ, ಮನೆಯ ಹೊರಗೆ ಒದ್ದೆಯಾಗಿಯೇ ಉಜ್ಜಬೇಕು. ಉದುರಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕಟ್ಟಿ ಎಸೆಯಬೇಕು. ಮನೆಯಲ್ಲಿ ಗರ್ಭಿಣಿಯರು, ಪುಟ್ಟ ಮಕ್ಕಳಿದ್ದರೆ ಬಣ್ಣ ಬಳಿದ ಸಾಮಾನಿನ ತಂಟೆಗೇ ಹೋಗದಿರುವುದು ಉತ್ತಮ.

ನಾಲ್ಕು ಭಾನುವಾರಗಳ ಕೆಲಸ

ಮೊದಲ ಭಾನುವಾರ ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸುವುದು. ಎಷ್ಟೋ ಬಾರಿ ಕಪ್ಪೆಂದು ತಿಳಿದದ್ದು ಬರೀ ಅಡುಗೆಮನೆಯ ಹೊಗೆಯಾಗಿರುತ್ತದೆ.

ಎರಡನೆಯ ಭಾನುವಾರ ಸಡಿಲ ಸಂದುಗಳ ಸರದಿ. ಮೊಳೆ ಹೊಡೆದರೆ ಮರ ಸೀಳುತ್ತದೆ. ಸಂದು ಬಿಚ್ಚಿ, ಹಳೆಯ ಅಂಟನ್ನು ಕೆರೆದು, ಫೆವಿಕಾಲ್ ಹಚ್ಚಿ ಕೂಡಿಸಿ, ಹಗ್ಗ ಸುತ್ತಿ ನಡುವೆ ಕೋಲು ಹಾಕಿ ತಿರುಚಿ ಬಿಗಿದು 24 ಗಂಟೆ ಬಿಡಬೇಕು. ಸಣ್ಣ ಬಿರುಕಿಗೆ ಅದೇ ಮರದ ಪುಡಿಯನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಬಹುದು.

ಮೂರನೆಯ ಭಾನುವಾರ ಉಪ್ಪುಕಾಗದ, ಅಂದರೆ ಪಾಲಿಶ್ ಪೇಪರ್. 80ನೇ ನಂಬರಿನಿಂದ ಆರಂಭಿಸಿ 120, 180, 220 ಎಂದು ನುಣುಪಿನ ಕಡೆಗೆ ಹೋಗಬೇಕು. ಯಾವಾಗಲೂ ಮರದ ಎಳೆಯ ಉದ್ದಕ್ಕೇ ಉಜ್ಜಬೇಕು. ಅಡ್ಡ ಉಜ್ಜಿದ ಗೆರೆಗಳು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತವೆ.

ಕೊನೆಯದು ಪಾಲಿಶ್. ಹಾರ್ಡ್‌ವೇರ್ ಅಂಗಡಿಯಲ್ಲಿ 'ಚಪ್ಡಾ' ಎಂದು ಕೇಳಿದರೆ ಅರಗಿನ ಚಕ್ಕೆ ಕೊಡುತ್ತಾರೆ. ಒಂದು ಲೀಟರ್ ಸ್ಪಿರಿಟ್‌ಗೆ 150ರಿಂದ 200 ಗ್ರಾಂ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಬೇಕು. ಹತ್ತಿಯ ಉಂಡೆಗೆ ಹಳೆಯ ಮಲ್ಮಲ್ ಬಟ್ಟೆ ಸುತ್ತಿ ಅದ್ದಿ, ತೆಳುವಾಗಿ ಎಳೆಯಬೇಕು. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಹತ್ತು ಸಲ ಎಳೆಯುವುದೇ ಇದರ ಗುಟ್ಟು. ಮುಂಬಯಿಯ ಮಳೆಗಾಲದಲ್ಲಿ ಈ ಕೆಲಸ ಹಿಡಿಯಬಾರದು. ಗಾಳಿಯ ತೇವಕ್ಕೆ ಪಾಲಿಶ್ ಬೆಳ್ಳಗಾಗುತ್ತದೆ. ಸ್ಪಿರಿಟ್ ಥಟ್ಟನೆ ಹೊತ್ತಿಕೊಳ್ಳುವ ವಸ್ತು. ಆದ್ದರಿಂದ ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ ಮತ್ತು ದೇವರ ದೀಪ ಆರಿರಲಿ. ಅರಗಿನ ಪಾಲಿಶ್ ಬಿಸಿ ಪಾತ್ರೆಯನ್ನು ತಾಳದು. ಊಟದ ಮೇಜಿಗೆ ಪೇಂಟ್ ಅಂಗಡಿಯ ಮೆಲಮೈನ್ ಪಾಲಿಶ್ ವಾಸಿ.

ಬೆತ್ತ ಮತ್ತು ಉಕ್ಕು

ಇರಾನಿ ಹೋಟೆಲುಗಳ ಬಾಗಿದ ಬೆನ್ನಿನ ಕುರ್ಚಿಗಳ ಮೂಲ ವಿಯೆನ್ನಾದ ಥೋನೆಟ್ ಕಂಪೆನಿಯ 1859ರ ಮಾದರಿ. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಇಷ್ಟೇ ಅದರ ಒಡಲು. ಬಿಚ್ಚಿ ಕೂಡಿಸುವುದು ಸುಲಭ. ಕೂರುವ ಬೆತ್ತ ಹರಿದಿದ್ದಕ್ಕೆ ಕುರ್ಚಿಯನ್ನೇ ಎಸೆಯಬೇಕಾಗಿಲ್ಲ. ಬೆತ್ತ ಹೆಣೆಯುವ ಕುಶಲಕರ್ಮಿಗಳು ನಗರದಲ್ಲಿ ಇನ್ನೂ ಇದ್ದಾರೆ, ಅವರಲ್ಲಿ ಈ ವಿದ್ಯೆ ಕಲಿತ ಅಂಧರೂ ಇದ್ದಾರೆ. ಅವರಿಗೊಂದು ಕುರ್ಚಿ ಒಪ್ಪಿಸಿದರೆ ಸಾಮಾನಿನ ಜೊತೆ ಒಂದು ಕಸುಬೂ ಉಳಿಯುತ್ತದೆ.

ಗೋದ್ರೇಜ್ 1923ರಿಂದ ತಯಾರಿಸಿದ ಉಕ್ಕಿನ ಕಪಾಟುಗಳದ್ದೂ ಇದೇ ಕತೆ. ತುಕ್ಕನ್ನು ಉಜ್ಜಿ, ರೆಡ್ ಆಕ್ಸೈಡ್ ಒಂದು ಕೋಟು, ಎನಾಮೆಲ್ ಎರಡು ಕೋಟು ಕೊಟ್ಟರೆ ಮತ್ತೊಂದು ತಲೆಮಾರಿಗಾಯಿತು.

ಲೆಕ್ಕ ತಪ್ಪಬಾರದು

ಪುಕ್ಕಟೆ ಸಿಕ್ಕಿತೆಂದು ಹಿಗ್ಗುವ ಮುನ್ನ ಕಾಗದದಲ್ಲಿ ಬರೆಯುವುದು ಒಳ್ಳೆಯದು. ಕೊಂಡ ಬೆಲೆ, ಟೆಂಪೋ ಬಾಡಿಗೆ, ಹಮಾಲಿ, ಬಡಗಿಯ ಕೂಲಿ, ಸಾಮಗ್ರಿ, ಇವೆಲ್ಲ ಕೂಡಿ ಅದೇ ಗಾತ್ರದ ಹೊಸ ಸಾಮಾನಿನ ಅರ್ಧ ಬೆಲೆ ಮೀರುವಂತಿದ್ದರೆ ಕೈಬಿಡುವುದು ಜಾಣತನ. ಮೊದಲ ಬಾರಿಗೆ ಸ್ಟೂಲು, ಮಣೆ, ಸಣ್ಣ ಟೀಪಾಯಿಯಿಂದ ಆರಂಭಿಸಿದರೆ ಕೈಯೂ ಪಳಗುತ್ತದೆ, ನಷ್ಟವೂ ಸಣ್ಣದು.

'ಯಾರು ಮಲಗಿ ಹೋದ ಮಂಚವೋ' ಎಂಬ ಅಳುಕು ನಮ್ಮಲ್ಲಿ ಅನೇಕರಿಗಿದೆ. ಆ ನಂಬಿಕೆಯನ್ನು ಹಗುರವಾಗಿ ಕಾಣಬೇಕಿಲ್ಲ. ಅಂಥವರು ಕಪಾಟು, ಮೇಜುಗಳನ್ನಷ್ಟೇ ಆರಿಸಿಕೊಳ್ಳಬಹುದು. ಆದರೆ ಸ್ವಂತ ಹಿರಿಯರ ಮಂಚ, ಅಮ್ಮ ಅಕ್ಕಿ ಆರಿಸುತ್ತಿದ್ದ ಮಣೆ, ಅಪ್ಪ ರಾತ್ರಿ ಶಾಲೆಯ ಪಾಠ ಬರೆದ ಮೇಜು ಬೀದಿಗೆ ಬೀಳುವ ಮುನ್ನ ಒಮ್ಮೆ ಯೋಚಿಸಬೇಕು. ಊರಿನಿಂದ ಬರಿಗೈಯಲ್ಲಿ ಬಂದವರು ಈ ನಗರದಲ್ಲಿ ಮೊದಲು ಕೊಂಡ ವಸ್ತುಗಳವು. ಭಂಗಾರದವನು ತೂಕಕ್ಕೆ ಕೊಡುವ ಹಣ ಒಂದು ದಿನದ ತರಕಾರಿಗೆ ಸಾಕಾದೀತು. ಮುಂದೊಂದು ದಿನ ಮೊಮ್ಮಕ್ಕಳು ಕೇಳಿದಾಗ ಅದೇ ಮರ ಯಾವ ಬೆಲೆಗೂ ಸಿಗದು.