ಅತ್ತೆಗೆ ಯಾವ ಸೀಟು ಬುಕ್ ಮಾಡ್ಲಿ?

"ಅತ್ತಿಗೇ, ಅಮ್ಮನಿಗೆ ಕಿಟಕಿ ಪಕ್ಕದ ಸೀಟೇ ಹಾಕಿಸಿ. ಪಾಪ, ಮೊದಲ ಸಲ ವಿಮಾನ ಹತ್ತುವುದು. ಮೋಡ ನೋಡ್ಲಿ..."

ದುಬೈಯಿಂದ ನಾದಿನಿ ಫೋನಿನಲ್ಲಿ ಹೀಗೆ ಹೇಳಿದಾಗ ನನಗೂ ಹೌದೆನ್ನಿಸಿತು. ಅವಳ ಎರಡನೆಯ ಬಾಣಂತನಕ್ಕೆಂದು ಅತ್ತೆ ಹೊರಟಿದ್ದರು. ಬೆಳ್ತಂಗಡಿ ಕಡೆಯ ಅಡಿಕೆ ತೋಟದ ಮನೆ ಬಿಟ್ಟು ಮೈಸೂರಿನಿಂದ ಆಚೆ ಹೋದವರಲ್ಲ. ಬಿ.ಸಿ.ರೋಡಿನಲ್ಲಿ ಟಿಕೆಟ್ ಮಾಡಿಸುವಾಗ ನಾನೇ ಮುಂದೆ ನಿಂತು, ಹೆಚ್ಚಿನ ಹಣ ಕೊಟ್ಟು 'ಎ' ಸೀಟು ಹಾಕಿಸಿದೆ. ದೊಡ್ಡ ಉಪಕಾರ ಮಾಡಿದ ಹೆಮ್ಮೆ ಬೇರೆ!

ಆದದ್ದೇನು ಗೊತ್ತಾ? ಅತ್ತೆಯ ಪಕ್ಕದ ಎರಡು ಸೀಟಿನಲ್ಲಿ ಇಬ್ಬರು ಗಂಡಸರು. ವಿಮಾನ ಏರಿದ ಕೂಡಲೇ ಇಬ್ಬರೂ ನಿದ್ದೆಗೆ ಜಾರಿದರು. ಅವರನ್ನು ಎಬ್ಬಿಸಿ, ಮೊಣಕಾಲಿಗೆ ತಾಗಿಸಿಕೊಂಡು ಶೌಚಾಲಯಕ್ಕೆ ಹೋಗುವುದು ಹೇಗೆ ಎಂಬ ಸಂಕೋಚದಲ್ಲಿ ಅತ್ತೆ ಒಂದು ಗುಟುಕು ನೀರೂ ಕುಡಿಯಲಿಲ್ಲ. ಮೂರು ಗಂಟೆ ಮೊದಲು ವಿಮಾನ ನಿಲ್ದಾಣಕ್ಕೆ ತಲುಪಬೇಕು, ಹಾರಾಟ ಸುಮಾರು ಮೂರೂವರೆ ಗಂಟೆ, ಇಳಿದ ಮೇಲೆ ಅಲ್ಲಿನ ಸಾಲು. ಒಟ್ಟು ಲೆಕ್ಕ ಹಾಕಿ. ಮಗಳ ಮನೆ ತಲುಪುವಾಗ ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಎರಡು ದಿನ ಉರಿಮೂತ್ರ. ಬಾಣಂತಿಯನ್ನು ನೋಡಲು ಹೋದವರನ್ನೇ ಬಾಣಂತಿ ನೋಡಿಕೊಳ್ಳುವ ಹಾಗಾಯಿತು. ಮೋಡ? "ರಾತ್ರಿ ಎಂತ ಮೋಡ ಮಾರಾಯ್ತಿ, ಕಪ್ಪು ಗಾಜು ನೋಡಿದ್ದು" ಅಂದರು.

ತಪ್ಪು ನನ್ನದೇ. ಯಾರು ಹೋಗುತ್ತಾರೆ ಎಂದು ನೋಡದೆ, ನನಗೆ ಇಷ್ಟವಾದ ಸೀಟು ಅವರಿಗೆ ಕೊಟ್ಟಿದ್ದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಈಗ ವಿಮಾನ ಹತ್ತದ ಮನೆ ಹುಡುಕಬೇಕು. 1951ರಲ್ಲಿ ನೆಹರೂ ಡಕೋಟಾ ವಿಮಾನದಲ್ಲಿ ಬಜಪೆಗೆ ಬಂದಿಳಿದದ್ದನ್ನು ಅಜ್ಜಂದಿರು ಕತೆ ಹೇಳುತ್ತಿದ್ದರು. 2006ರಿಂದ ಇಲ್ಲಿಂದಲೇ ನೇರ ದುಬೈಗೆ ಹಾರಾಟ ಶುರುವಾದ ಮೇಲೆ ಮಗಳ ಹೆರಿಗೆಗೆ, ಮಗನ ಗೃಹಪ್ರವೇಶಕ್ಕೆ ಹೊರಡುವ ಅಮ್ಮಂದಿರೇ ಎಷ್ಟೊಂದು! ಆದರೆ ಸೀಟಿನ ವಿಷಯದಲ್ಲಿ 'ಕಿಟಕಿ ಸಿಕ್ಕಿದರೆ ಲಾಭ' ಎಂಬ ಬಸ್ಸಿನ ಲೆಕ್ಕವೇ ಇನ್ನೂ ನಮ್ಮದು.

ಅಕ್ಷರದ ಗುಟ್ಟು

ನಮ್ಮಲ್ಲಿಗೆ ಬರುವ ಬೋಯಿಂಗ್ 737 ಮತ್ತು ಏರ್‌ಬಸ್ 320 ವಿಮಾನಗಳಲ್ಲಿ ಮಧ್ಯೆ ಒಂದೇ ದಾರಿ. ಆ ಕಡೆ ಮೂರು, ಈ ಕಡೆ ಮೂರು ಸೀಟು. ಎ ಮತ್ತು ಎಫ್ ಕಿಟಕಿ, ಸಿ ಮತ್ತು ಡಿ ದಾರಿಯ ಪಕ್ಕ, ಬಿ ಮತ್ತು ಇ ಮಧ್ಯದ್ದು. ಈ ಮಧ್ಯದ ಸೀಟು ಯಾರಿಗೂ ಬೇಡ. ನೀವು ಆರಿಸದೆ ಬಿಟ್ಟರೆ ಕಂಪ್ಯೂಟರ್ ನಿಮಗೆ ಕೊಡುವುದು ಹೆಚ್ಚಾಗಿ ಅದನ್ನೇ! ಕಡಿಮೆ ದೂರಕ್ಕೆ ಹಾರುವ ಫ್ಯಾನಿನ ಎಟಿಆರ್ ವಿಮಾನವಾದರೆ ಎರಡು-ಎರಡು ಸೀಟು, ಮಧ್ಯದ ಸೀಟೆಂಬ ಪೀಡೆಯೇ ಇಲ್ಲ. ಅದರಲ್ಲಿ ಹತ್ತುವುದು ಹಿಂಬಾಗಿಲಿನಿಂದ. ಫ್ಯಾನು ಮುಂದಿನ ಸಾಲುಗಳ ಹತ್ತಿರ ಇರುವುದರಿಂದ ಗದ್ದಲ ಮುಂದೆಯೇ ಜಾಸ್ತಿ. ಹಿಂದೆ ಕೂತರೆ ಕಿವಿಗೆ ಸುಖ, ಇಳಿಯಲೂ ಬೇಗ. ದೊಡ್ಡ ವಿಮಾನದಲ್ಲಿ ಇದು ಉಲ್ಟಾ. ಎಂಜಿನ್ ರೆಕ್ಕೆಯ ಕೆಳಗಿರುವುದರಿಂದ ಹಿಂದೆ ಹೋದಷ್ಟೂ ಶಬ್ದ ಹೆಚ್ಚು.

ಈಗ ಅತ್ತೆಯಂಥವರ ವಿಷಯಕ್ಕೆ ಬರೋಣ. ಐವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಬಸುರಿಯರು, ಮಂಡಿನೋವಿನವರು... ಇವರಿಗೆಲ್ಲ ಕಣ್ಣು ಮುಚ್ಚಿ ದಾರಿಯ ಪಕ್ಕದ ಸೀಟು ಹಾಕಿಸಿ. ಯಾರನ್ನೂ ಎಬ್ಬಿಸದೆ ಏಳಬಹುದು, ಧೈರ್ಯವಾಗಿ ನೀರು ಕುಡಿಯಬಹುದು. ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ ಎಂದು ವೈದ್ಯರು ಹೇಳುತ್ತಾರೆ. ಬಸುರಿಯರಿಗೆ, ಇತ್ತೀಚೆಗೆ ಹೆತ್ತವರಿಗೆ, ಈಚೆಗೆ ಆಪರೇಷನ್ ಆದವರಿಗೆ ಅದು ಇನ್ನೂ ಜಾಸ್ತಿ. ಆಗಾಗ ಎದ್ದು ನಡೆಯುವುದೇ ಅದಕ್ಕೆ ಮದ್ದು. ಎದ್ದು ನಡೆಯಬೇಕಾದರೆ ಏಳಲು ದಾರಿ ಬೇಕಲ್ಲ!

ಸಿ ಒಳ್ಳೆಯದಾ, ಡಿ ಒಳ್ಳೆಯದಾ? ಎರಡೂ ಒಂದೇ ಅಂತ ನಾನೂ ತಿಳಿದಿದ್ದೆ. ಅಲ್ಲ! ಮುಂದಕ್ಕೆ ಮುಖಮಾಡಿ ಕೂತಾಗ ಸಿ ಸೀಟಿನವರಿಗೆ ದಾರಿ ಬಲಗಡೆ, ಡಿ ಸೀಟಿನವರಿಗೆ ಎಡಗಡೆ. ಎಡಮಂಡಿ ಮಡಚಲು ಕಷ್ಟವಿದ್ದವರು ಡಿಯಲ್ಲಿ ಕೂತರೆ ಆ ಕಾಲನ್ನು ಆಗಾಗ ದಾರಿಯ ಕಡೆಗೆ ಚಾಚಬಹುದು. ಬಲಮಂಡಿಯವರಿಗೆ ಸಿ. ತಿಂಡಿಯ ಗಾಡಿ ಬರುವಾಗ ಮಾತ್ರ ಕಾಲು, ಮೊಣಕೈ ಎರಡನ್ನೂ ಒಳಗೆ ಎಳೆದುಕೊಳ್ಳಬೇಕು, ಅದು ತಾಗಿದರೆ ಜೀವ ಹೋದಂತಾಗುತ್ತದೆ. ಇನ್ನೊಂದು, ದಾರಿಯ ಬದಿಯ ಕೈಯಿಡುವ ಹಿಡಿ ಏಳುವುದೇ ಇಲ್ಲ ಎಂದು ಕಾಣುತ್ತದೆ. ಹಲವು ವಿಮಾನಗಳಲ್ಲಿ ಅದರ ಅಡಿಯಲ್ಲಿ, ಹಿಂದಿನ ಮೂಲೆಯ ಹತ್ತಿರ ಸಣ್ಣ ಗುಂಡಿ ಇರುತ್ತದೆ. ಒತ್ತಿದರೆ ಹಿಡಿ ಮೇಲೆ ಬರುತ್ತದೆ. ಸೊಂಟನೋವಿನವರು ಪಕ್ಕಕ್ಕೆ ತಿರುಗಿ ಏಳಬಹುದು. ಗಗನಸಖಿಯನ್ನು ಕೇಳಿದರೆ ತೋರಿಸುತ್ತಾರೆ, ನಾಚಿಕೆ ಬೇಡ.

ಶೌಚಾಲಯ ಸಾಮಾನ್ಯವಾಗಿ ಮುಂದೆ ಒಂದು, ಉಳಿದವು ಹಿಂದೆ. ಹಾಗೆಂದು ಕಟ್ಟಕಡೆಯ ಸಾಲು ಹಿಡಿಯಬೇಡಿ. ಅಲ್ಲಿ ಸೀಟು ಹಿಂದಕ್ಕೆ ಬಾಗುವುದಿಲ್ಲ, ಕ್ಯೂ ನಿಂತವರು ನಿಮ್ಮ ತಲೆಗೇ ಆನಿಸುತ್ತಾರೆ, ವಾಸನೆಯ ಸುಖ ಬೇರೆ. ನಾಲ್ಕೈದು ಸಾಲು ಮುಂದೆ ಇದ್ದರೆ ಸಾಕು. ಬೇಗ ಇಳಿಯಲೆಂದು ಹಣ ಕೊಟ್ಟು ಮುಂದಿನ ಸಾಲು ಹಾಕಿಸುವವರಿದ್ದಾರೆ. ಗಾಲಿಕುರ್ಚಿ ಹೇಳಿದ್ದರೆ ಆ ಹಣ ದಂಡ, ಏಕೆಂದರೆ ಗಾಲಿಕುರ್ಚಿಯವರನ್ನು ಎಲ್ಲರೂ ಇಳಿದ ಮೇಲೆ ಇಳಿಸುವುದು. ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ ಕಾಲು ಚಾಚಲು ಜಾಗವಿದೆ, ಆದರೆ ಮುಂದೆ ಸೀಟಿಲ್ಲದ್ದರಿಂದ ಕಾಲಬುಡದಲ್ಲಿ ಬ್ಯಾಗು ಇಡುವ ಹಾಗಿಲ್ಲ. ಮಾತ್ರೆ, ಕನ್ನಡಕ, ಪಾಸ್‌ಪೋರ್ಟ್ ಎಲ್ಲ ಮೇಲಿನ ಕಪಾಟಿಗೆ ಹೋಗುತ್ತದೆ.

ಅಲುಗಾಟಕ್ಕೆ ಹೆದರುವವರಿಗೆ

ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಮಾನವೂ ಹಾಗೆಯೇ, ಗಾಳಿಗೆ ಸಿಕ್ಕಿದಾಗ ಬಾಲ ಹೆಚ್ಚು ಕುಣಿಯುತ್ತದೆ. ರೆಕ್ಕೆಯ ಹತ್ತಿರ, ಅಂದರೆ ನಡುವಿನ ಸಾಲುಗಳಲ್ಲಿ ಅಲುಗಾಟ ಕಡಿಮೆ. ತೊನೆದಾಟದ ಹಲಗೆಯ ನಟ್ಟನಡುವೆ ಕೂತ ಹಾಗೆ. ನಮ್ಮೂರಿನ ಮಳೆಗಾಲದಲ್ಲಿ ಹಾರುವವರು, ವಾಂತಿ ಬರುವವರು ಅಲ್ಲೇ ಹಾಕಿಸಿಕೊಳ್ಳಿ. ಕಿಟಕಿಯಿಂದ ಕಾಣುವುದು ರೆಕ್ಕೆ ಮಾತ್ರ, ಅಷ್ಟೇ. ಕೆಲವು 737ಗಳಲ್ಲಿ ರೆಕ್ಕೆಯ ಸ್ವಲ್ಪ ಮುಂದೆ ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಕಿಟಕಿಯೇ ಇರುವುದಿಲ್ಲ. ಕಿಟಕಿ ಸೀಟಿಗೆಂದು ಹಣ ಕೊಟ್ಟು ಗೋಡೆ ನೋಡುತ್ತಾ ಹೋಗಬೇಕಾಗುತ್ತದೆ!

ಹಾಗಾದರೆ ಕಿಟಕಿ ಯಾರಿಗೆ? ಮಕ್ಕಳಿಗೆ, ನಿದ್ದೆ ಮಾಡುವವರಿಗೆ, ಹಾಲೂಡಿಸುವ ತಾಯಂದಿರಿಗೆ. ಸೆರಗು ಮರೆ ಮಾಡಿ ಗೋಡೆಯ ಕಡೆ ತಿರುಗಿ ಕೂತರೆ ಯಾರ ಕಣ್ಣೂ ಬೀಳುವುದಿಲ್ಲ. ಇಳಿಯುವಾಗ ಮಗುವಿಗೆ ಹಾಲು ಕೊಟ್ಟರೆ ನುಂಗುತ್ತಾ ಕಿವಿನೋವೂ ಕಡಿಮೆ. ಶೀತ-ಕೆಮ್ಮಿಗೆ ಹೆದರುವವರಿಗೂ ಕಿಟಕಿಯೇ ವಾಸಿ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿಟಕಿ ಪಕ್ಕದವರಿಗೆ ಬೇರೆಯವರ ಒಡನಾಟ ಎಲ್ಲರಿಗಿಂತ ಕಡಿಮೆ ಎಂದು ಕಂಡುಬಂದಿತ್ತು.

ನೋಟದ ಆಸೆಯಿದ್ದರೆ ಒಂದು ಗುಟ್ಟು ಹೇಳುತ್ತೇನೆ. ಹಗಲಿನಲ್ಲಿ ಮುಂಬಯಿಗೆ ಹೋಗುವಾಗ ಸಮುದ್ರ ಎಡಗಡೆ, ನೆಲ ಬಲಗಡೆ. ಕೆಂಜಾರಿನ ಗುಡ್ಡದ ರನ್‌ವೇಗೆ ವಿಮಾನ ಪೂರ್ವದ ಕಡೆಯಿಂದ ಬಂದು ಇಳಿಯುವ ದಿನ ಮೂಡುಬಿದಿರೆ ದಿಕ್ಕು ಬಲಗಡೆಗೆ, ಬಂಟ್ವಾಳ ದಿಕ್ಕು ಎಡಗಡೆಗೆ. ತೋಟ, ಗದ್ದೆ, ಹೊಳೆ, ಕೆಂಪು ಹಂಚಿನ ಮಾಡು... ಎಷ್ಟು ದೇಶ ಸುತ್ತಿ ಬಂದರೂ ಆ ಐದು ನಿಮಿಷಕ್ಕೆ ಕಣ್ಣು ಒದ್ದೆಯಾಗದವರು ಕಡಿಮೆ.

ಮಕ್ಕಳನ್ನು ಬೇರೆ ಮಾಡಿದರೆ?

ನನ್ನ ಗೆಳತಿಯೊಬ್ಬಳಿಗೆ ಹೀಗಾಗಿತ್ತು. ತಾನು ಒಂದು ತುದಿ, ಆರು ವರ್ಷದ ಮಗ ಇನ್ನೊಂದು ತುದಿ. ಅಪರಿಚಿತರ ಹತ್ತಿರ ಅಂಗಲಾಚಿ ಸೀಟು ಬದಲಿಸಿಕೊಂಡಳು. ಈಗ ಹಾಗೆ ಮಾಡುವಂತಿಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ, ಒಂದೇ ಪಿಎನ್‌ಆರ್ ಟಿಕೆಟ್‌ನಲ್ಲಿ ಇರುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕು ಎಂದು ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ವಿಮಾನ ಕಂಪನಿಗಳಿಗೆ ಸೂಚಿಸಿದೆ. ಕೌಂಟರಿನಲ್ಲಿ ತಕರಾರು ಮಾಡಿದರೆ ಇದನ್ನು ಹೇಳಿ. ಆದರೆ 'ಒಂದೇ ಪಿಎನ್‌ಆರ್' ಎಂಬುದನ್ನು ಮರೆಯಬೇಡಿ, ನಾಲ್ಕು ಜನರಿಗೆ ಎರಡೆರಡು ಟಿಕೆಟ್ ಬೇರೆ ಬೇರೆ ಮಾಡಿಸಬೇಡಿ.

ಎರಡು ವರ್ಷದೊಳಗಿನ ಕೂಸುಗಳು ತೊಡೆಯ ಮೇಲೆ. ಇಬ್ಬರು ಅಕ್ಕತಂಗಿಯರು ಇಬ್ಬರು ಕೂಸುಗಳನ್ನು ಹಿಡಿದು ಅಕ್ಕಪಕ್ಕ ಕೂರುತ್ತೇವೆ ಅಂದರೆ ಬಿಡುವುದಿಲ್ಲ. ಅದು ಅವರ ಹಟ ಅಲ್ಲ. ಮೇಲಿನಿಂದ ಬೀಳುವ ಆಮ್ಲಜನಕದ ಮುಖವಾಡ ಮೂರು ಸೀಟಿಗೆ ಸಾಮಾನ್ಯವಾಗಿ ಒಂದೇ ಹೆಚ್ಚು ಇರುವುದು.

ಗಂಡ-ಹೆಂಡತಿ ಇಬ್ಬರೇ ಆದರೆ ಒಂದೇ ಸಾಲಿನ ಸಿ ಮತ್ತು ಡಿ ಹಾಕಿಸಿ ನೋಡಿ. ನಡುವೆ ದಾರಿ ಮಾತ್ರ, ಇಬ್ಬರಿಗೂ ಏಳುವ ಸ್ವಾತಂತ್ರ್ಯ. ಎ ಮತ್ತು ಸಿ ಹಾಕಿಸಿ, ಮಧ್ಯದ್ದು ಖಾಲಿ ಉಳಿದೀತು ಎಂದು ಕಾಯುವ ಉಪಾಯವೂ ಉಂಟು. ನಮ್ಮ ಗಲ್ಫ್ ವಿಮಾನಗಳಲ್ಲಿ ಅದು ಖಾಲಿ ಇದ್ದದ್ದನ್ನು ನಾನಂತೂ ಕೇಳಿಲ್ಲ. ಹಣ ಕೊಡಲು ಮನಸ್ಸಿಲ್ಲದಿದ್ದರೆ ವೆಬ್ ಚೆಕ್-ಇನ್ ತೆರೆದ ಕೂಡಲೇ ಮಾಡಿಬಿಡಿ. ಹಲವು ಕಂಪನಿಗಳಲ್ಲಿ ಅದು 48 ಗಂಟೆ ಮೊದಲು. ಮೊದಲು ಬಂದವರಿಗೆ ಆಯ್ಕೆ ಹೆಚ್ಚು.

ಅತ್ತೆ ಕೇಳಿದ ಪ್ರಶ್ನೆ

ಹೊರಡುವ ಹಿಂದಿನ ರಾತ್ರಿ ಅತ್ತೆ ಮೆಲ್ಲಗೆ ಕೇಳಿದ್ದರು, "ಆ ದಿನ ಉಳಿದವರು ಎಲ್ಲಿ ಕೂತಿದ್ದರು?"

ಯಾವ ದಿನ ಎಂದು ನಮ್ಮ ಜಿಲ್ಲೆಯಲ್ಲಿ ಕೇಳಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ಹೋದರು. ಬದುಕಿದವರು ಎಂಟು ಮಂದಿ. ಅವರಲ್ಲಿ ಹಲವರು ಹೊರಬಂದದ್ದು ಬಾಗಿಲಿನಿಂದಲೂ ಅಲ್ಲ, ವಿಮಾನದ ಮೈ ಸೀಳಿದ ಬಿರುಕಿನಿಂದ. ಅತ್ತೆಗೆ ಆಗ ನಾನು "ಅದೆಲ್ಲ ಈಗ ಯಾಕೆ" ಎಂದು ಬಾಯಿ ಮುಚ್ಚಿಸಿದ್ದೆ. ಅದೂ ತಪ್ಪೇ. ಹೆದರಿದವರಿಗೆ ಉತ್ತರ ಬೇಕು, ಗದರಿಕೆ ಅಲ್ಲ.

ಉತ್ತರ ಇದು. 'ಇದೇ ಸುರಕ್ಷಿತ ಸೀಟು' ಎಂಬುದು ಇಲ್ಲ. ಅಮೆರಿಕದ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆ 2007ರಲ್ಲಿ ಹಳೆಯ ಅಪಘಾತಗಳ ಲೆಕ್ಕ ತೆಗೆದಾಗ, ಹಿಂದಿನ ಸೀಟಿನವರಲ್ಲಿ ಬದುಕಿದವರು ಶೇ. 69, ಮುಂದಿನವರಲ್ಲಿ ಶೇ. 49 ಎಂದು ಬಂದಿತ್ತು. ಹಾಗೆಂದು ಹಿಂದೆ ಕೂತರೆ ಸಾಕು ಎನ್ನುವ ಹಾಗಿಲ್ಲ, ಪ್ರತಿ ಅಪಘಾತವೂ ಬೇರೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದ ವಿಮಾನದಲ್ಲಿದ್ದ 242 ಮಂದಿಯಲ್ಲಿ ಉಳಿದದ್ದು ಒಬ್ಬರೇ, ಅವರು ಕೂತಿದ್ದದ್ದು 11ಎ, ತುರ್ತು ಬಾಗಿಲಿನ ಪಕ್ಕ. ಆಮೇಲೆ ಎಲ್ಲರೂ 11ಎ ಕೇಳತೊಡಗಿದರು! ಆ ಸೀಟು ಒಂದು ವಿಮಾನದಲ್ಲಿ ಬಾಗಿಲ ಪಕ್ಕ ಇದ್ದರೆ ಇನ್ನೊಂದರಲ್ಲಿ ಬಾಗಿಲಿಗೆ ಎಷ್ಟೋ ದೂರ. ನಂಬರಿನಲ್ಲಿ ಏನೂ ಇಲ್ಲ.

ಲೆಕ್ಕಕ್ಕೆ ಬರುವುದು ಬಾಗಿಲಿನ ದೂರ. ಬ್ರಿಟನ್ನಿನ ಗ್ರೀನಿಚ್ ವಿಶ್ವವಿದ್ಯಾಲಯದವರು ಅಪಘಾತದಲ್ಲಿ ಉಳಿದವರ ಹೇಳಿಕೆಗಳನ್ನು ಅಭ್ಯಾಸ ಮಾಡಿ, ಬೆಂಕಿಯ ಹೊತ್ತಿನಲ್ಲಿ ಬಾಗಿಲಿನಿಂದ ಐದು ಸಾಲಿನ ಒಳಗೆ ಇರುವವರಿಗೆ, ಅದರಲ್ಲೂ ದಾರಿಯ ಪಕ್ಕದವರಿಗೆ ಅನುಕೂಲ ಹೆಚ್ಚು ಎಂದಿದ್ದಾರೆ. ಆದ್ದರಿಂದ ಕೂತ ಕೂಡಲೇ ಹತ್ತಿರದ ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿ, ಮುಂದೆಯೂ ಹಿಂದೆಯೂ. ಹೊಗೆ ತುಂಬಿದರೆ ಕಣ್ಣಿಗೆ ಕಾಣುವುದಿಲ್ಲ, ಕೈಯಿಂದ ಸೀಟು ಮುಟ್ಟಿ ಎಣಿಸಿಕೊಂಡೇ ಹೋಗಬೇಕು. ಬೆಲ್ಟ್ ಬಿಚ್ಚುವುದನ್ನೂ ಎರಡು ಸಲ ಅಭ್ಯಾಸ ಮಾಡಿಸಿ. ಕಾರಿನ ಹಾಗೆ ಗುಂಡಿ ಒತ್ತುವುದಲ್ಲ, ಮುಚ್ಚಳ ಎತ್ತುವುದು. ಗಾಬರಿಯಲ್ಲಿ ಕೈ ಕಾರಿನ ಅಭ್ಯಾಸಕ್ಕೇ ಹೋಗುತ್ತದೆ. ಮತ್ತೆ ಆ ಬ್ಯಾಗು! 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಬೆಂಕಿ ಹತ್ತಿದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಮಂದಿಯೂ ಜೀವಂತ ಹೊರಬಂದರು, ಸಾಮಾನು ಅಲ್ಲೇ ಬಿಟ್ಟು. ಚಿನ್ನ ಇದ್ದರೆ ಮೈಮೇಲೆ ಇರಲಿ, ಬ್ಯಾಗಿನಲ್ಲಿ ಬೇಡ.

ತುರ್ತು ಬಾಗಿಲಿನ ಸಾಲು ಹೇಗೆ ಎಂದರೆ, ಕಾಲು ಚಾಚಲು ಧಾರಾಳ ಜಾಗ. ಆದರೆ ಮಕ್ಕಳು, ಬಸುರಿಯರು, ವಯಸ್ಸಾದವರು, ಇನ್ನೊಬ್ಬರ ಸಹಾಯ ಬೇಕಾದವರಿಗೆ ಅದನ್ನು ಕೊಡುವುದಿಲ್ಲ. ಬಾಗಿಲು ತೆರೆಯುವ ಕೆಲಸ ಅಲ್ಲಿ ಕೂತವರ ಮೇಲೆ ಬೀಳುವುದರಿಂದ, ಹೇಳಿದ್ದು ಅರ್ಥವಾಗಬೇಕು, ಕೈಯಲ್ಲಿ ಬಲ ಬೇಕು. ಕಾಲೇಜಿಗೆ ಹೋಗುವ ಮಗನಿಗೆ ಹಾಕಿಸಿ.

ಮೂರು ತಿಂಗಳ ನಂತರ ಅತ್ತೆ ವಾಪಸ್ ಬರುವಾಗ ಡಿ ಸೀಟು. ಅವರದ್ದು ಎಡಮಂಡಿ. ಬಾಗಿಲಿಗೆ ಎಷ್ಟು ಸಾಲು ಎಂದು ಫೋನಿನಲ್ಲಿ ನಾನೇ ಎಣಿಸಿ ಹೇಳಿದ್ದೆ. ಎರಡು ಸಲ ಎದ್ದು ಹಿಂದಿನವರೆಗೆ ನಡೆದು ಬಂದರಂತೆ, ಒಂದು ಬಾಟಲಿ ನೀರು ಪೂರ್ತಿ ಕುಡಿದರಂತೆ. ಚಪ್ಪಲಿ ಹಾಕಿಕೊಂಡೇ ಹೊರಗೆ ಬಂದರು.

ಮೊನ್ನೆ ವೇಣೂರಿನ ಸಂಬಂಧಿಕರೊಬ್ಬರು ಮಗನ ಮನೆಗೆ ಹೊರಟಿದ್ದಾರೆಂದು ಫೋನ್ ಮಾಡಿದ್ದರು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದವಳಿಗೆ ಜಗಲಿಯಿಂದ ಅತ್ತೆಯ ಸ್ವರ ಕೇಳಿಸಿತು. "ಕಿಟಕಿ ಬಿಡಿ ಮಾರಾಯ್ತಿ. ಮೊದಲು ಹೇಳಿ, ನಿಮಗೆ ಯಾವ ಮಂಡಿ ನೋವು? ಎಡದ್ದಾ, ಬಲದ್ದಾ?"