ಒರಳು ಉಳಿಯಿತು, ಎದೆ ಉಳಿಯಲಿಲ್ಲ

ಹಟ್ಟಿ ಸೀಮೆಯ ಬಂಡೆಗಳ ಮೇಲೆ ಅಲ್ಲಲ್ಲಿ ದುಂಡನೆಯ ಗುಳಿಗಳಿವೆ. ಮಳೆ ಕೊರೆದದ್ದಲ್ಲ, ಹಿಂದಿನ ಗಣಿಗಾರರು ಚಿನ್ನ ಬೆರೆತ ಬೆಣಚುಕಲ್ಲನ್ನು ಕುಟ್ಟಿ ಕುಟ್ಟಿ ಆದ ಒರಳುಗಳು. ಮಸ್ಕಿಯ ಅಶೋಕ ಶಾಸನ ನೋಡಲೆಂದು ಹೊರಟಿದ್ದ ನನಗೆ ಶಾಸನಕ್ಕಿಂತ ಈ ಒರಳುಗಳೇ ಹುಚ್ಚು ಹಿಡಿಸಿದವು. ಒಂದರೊಳಗೆ ಕೈ ಇಳಿಬಿಟ್ಟೆ. ತಳ ನುಣ್ಣಗೆ, ಒಂದು ತರಚೂ ಇಲ್ಲ. ಜತೆಗಿದ್ದ ಹಿರಿಯರು, “ಇಷ್ಟು ಸವೀಬೇಕಂದ್ರ ಎಷ್ಟು ಕುಟ್ಟಿರಬೇಕ್ರೀ!” ಅಂದರು. ಎಷ್ಟು ಧೂಳು ಕುಡಿದಿರಬೇಕು ಎಂಬುದು ನನ್ನ ತಲೆಯಲ್ಲಿ ಕೊರೆಯತೊಡಗಿತು.

ಮಸ್ಕಿ ಶಾಸನವನ್ನು 1915ರಲ್ಲಿ ಕಂಡವರು ಬೀಡನ್, ನಿಜಾಮ ಸೀಮೆಯಲ್ಲಿ ಚಿನ್ನ ಅರಸುತ್ತಿದ್ದ ಎಂಜಿನಿಯರ್. ಹಟ್ಟಿಯ ಪ್ರಾಚೀನ ಗಣಿ 600 ಅಡಿಗೂ ಆಳಕ್ಕೆ ಇಳಿದಿತ್ತು. ಅದು ಸುಮಾರು 2,000 ವರ್ಷ ಹಳೆಯದು. ಬಂಡೆಗೆ ಬೆಂಕಿ ಹಚ್ಚಿ, ಕಾದ ಮೇಲೆ ನೀರು ಸುರಿದು ಸೀಳುತ್ತಿದ್ದರಂತೆ. ಈ ಜಾಣತನವನ್ನು ಕೊಂಡಾಡುವ ಬರಹಗಳಿಗೆ ಕೊರತೆಯಿಲ್ಲ. ಕೆಮ್ಮಿದವರ ಮಾತು ಮಾತ್ರ ಅವುಗಳಲ್ಲಿ ಕಾಣೆ.

ಬೆಣಚುಕಲ್ಲೆಂದರೆ ಸಿಲಿಕಾ. ದಪ್ಪ ಧೂಳನ್ನು ಮೂಗು, ಗಂಟಲು ತಡೆದುಬಿಡುತ್ತವೆ. 5 ಮೈಕ್ರಾನ್‌ಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಗಾಳಿಗೂಡಿನವರೆಗೂ ಇಳಿಯುತ್ತವೆ. ಅಲ್ಲಿ ಕಾವಲಿರುವ ಜೀವಕೋಶ ಕಣವನ್ನು ನುಂಗಿ, ಅರಗಿಸಲಾರದೆ ಸಾಯುತ್ತದೆ. ಹೊರಬಿದ್ದ ಕಣವನ್ನು ಇನ್ನೊಂದು ನುಂಗುತ್ತದೆ, ಅದೂ ಸಾಯುತ್ತದೆ. ಸುತ್ತಲೂ ಕೊಲಾಜನ್ ನಾರು ಪದರ ಪದರವಾಗಿ ಕೂಡಿ ಗಂಟಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಡ್ಡ ಕೊಯ್ದ ಉಳ್ಳಾಗಡ್ಡಿಯೇ! ಗಂಟುಗಳು ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಮೂಡಿ, ಒಂದಕ್ಕೊಂದು ಬೆಸೆದು, ಅಂಗವನ್ನೇ ಗಡುಸಾಗಿಸುತ್ತವೆ. ಗಣಿ ಬಿಟ್ಟ ಮೇಲೂ ಬೆಳೆಯುವುದುಂಟು. ಇದೇ ಸಿಲಿಕೋಸಿಸ್. ಗಂಟು ಕರಗಿಸುವ ಮದ್ದಿಲ್ಲ. ಕ್ಷಯಕ್ಕೂ ಇದು ಬಾಗಿಲು ತೆರೆದಿಡುತ್ತದೆ.

ಒರಳು ಕುಟ್ಟಿದವರಿಗೂ ಹೀಗಾಗಿತ್ತೇ? ಇಲ್ಲಿ ಸಾಕ್ಷಿ ಹುಡುಕುವುದು ವ್ಯರ್ಥ. ಸುಟ್ಟರೂ ಹೂತರೂ ಶ್ವಾಸಕೋಶ ಉಳಿಯದು. ಉಳಿಸಿಟ್ಟವರು ಈಜಿಪ್ಟಿನವರು. ನೆಖ್ತ್-ಆಂಖ್ ಎಂಬಾತನ ಮಮ್ಮಿಯನ್ನು ಮಾರ್ಗರೆಟ್ ಮರ್ರೆ 1908ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬಿಚ್ಚಿದರು. ದಶಕಗಳ ಬಳಿಕ ಅವನ ಶ್ವಾಸಕೋಶದ ಚೂರನ್ನು ಪರೀಕ್ಷಿಸಿದಾಗ ಮರಳಿನ ಕಣ, ಅದರ ಸುತ್ತ ಗಡುಸು ನಾರು! ಆತ ಗಣಿಗಾರನೂ ಅಲ್ಲ, ಮರುಭೂಮಿಯ ಗಾಳಿ ಕುಡಿದು ಬಾಳಿದವನು. ಗಾಳಿಯೇ ಅಷ್ಟು ಮಾಡುವುದಾದರೆ, ಒರಳಿನ ಮೇಲೆ ಬಗ್ಗಿ ದಿನವಿಡೀ ಬೆಣಚು ಕುಟ್ಟಿದವರ ಎದೆ ಹೇಗಿದ್ದೀತು? ಇದು ನನ್ನ ಊಹೆಯೇ ಸರಿ. ಆದರೆ ಬಿಡಲಾರದ ಊಹೆ.

ಊಹೆ ಬೇಡವೆಂದರೆ ಕೋಲಾರದ ಗಣಿಯಿದೆ. ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮ ತಂದಿತು. ಆ ದಶಕದಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 40ಕ್ಕೂ ಹೆಚ್ಚು ಮಂದಿಗೆ ಈ ಗಂಟುಗಳಿದ್ದವು. ನೀರು ಹಾಯಿಸುತ್ತ ಕೊರೆಯುವುದು, ಒಳಗೆ ಗಾಳಿಯಾಡಿಸುವುದು ಗಣಿಗಳಲ್ಲಿ ಧೂಳಿಗೆ ಕಂಡುಕೊಂಡ ಕಡಿವಾಣ.

ಗಣಿಗೆ ಗಣಿಯ ಕಾನೂನಿದೆ. ಸಿಂಧನೂರಿನ ಗದ್ದೆಗಳ ಕಡೆ ಹೊರಳಿದರೆ ಇನ್ನೊಂದು ಅಚ್ಚರಿ: ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ ಶೇ 80ಕ್ಕೂ ಹೆಚ್ಚು ಸಿಲಿಕಾ. ಅತಿ ಬಿಸಿಯಲ್ಲಿ ಉರಿದರೆ ಅದು ಬೆಣಚಿನಷ್ಟೇ ಕೆಟ್ಟ ಹರಳಾಗುತ್ತದೆ. ಅಕ್ಕಿ ಗಿರಣಿಯ ಬಾಯ್ಲರ್ ಬೂದಿ ಬಾಚುವವರನ್ನು ಗಣಿಗಾರರೆಂದು ಯಾರೂ ಎಣಿಸುವುದಿಲ್ಲ. 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಕಂಡ ವೈದ್ಯರು ವರದಿ ಮಾಡಲೇಬೇಕೆಂದಿತು. ಕಾಣಬೇಕಲ್ಲ! ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ಸಿನ ಕಲೆ ಕ್ಷಯದ ಕಲೆಯೆಂದೇ ತೋರಬಹುದು. ಎರಡನ್ನೂ ಬೇರೆ ಮಾಡಲು ಕಫ ಪರೀಕ್ಷೆಯ ಜತೆಗೆ ಒಂದು ಪ್ರಶ್ನೆಯೂ ಬೇಕು: ಇಷ್ಟು ವರ್ಷ ಏನು ಕೆಲಸ ಮಾಡಿದಿರಿ? ದಮ್ಮು ಹತ್ತಿ ಬಂದವರನ್ನು ಅದನ್ನೊಂದು ಕೇಳದೆ ಕಳಿಸಬಾರದು.